ಯು ಇಲ್ಲದ ಕ್ಯೂ

ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳಲ್ಲಿ ಕ್ಯೂನಷ್ಟು ಪರಾವಲಂಬಿ ಇನ್ನೊಂದಿಲ್ಲ. ಕೈಹಿಡಿಯಲು ಯು ಬರದೆ ಅದು ಹೊಸಿಲು ದಾಟುವುದಿಲ್ಲ. ಕ್ವೀನ್ ಇರಲಿ, ಕ್ವಾರ್ಟರ್ ಇರಲಿ, ಬ್ಯಾಂಕಿನ ಚೆಕ್ಕೇ ಇರಲಿ, ಹಿಂದೆಯೇ ಯು ಇದ್ದೇ ಇರುತ್ತದೆ. ಶಾಲೆಯಲ್ಲಿ ಇದನ್ನು ಯಾರೂ ನಿಯಮವೆಂದು ಹೇಳಿಕೊಡಲಿಲ್ಲ. ಬರೆದು ಬರೆದು ಕೈಗೇ ಅಭ್ಯಾಸವಾಯಿತು.

ಸ್ಕ್ರ್ಯಾಬಲ್ ಆಡುವವರಿಗೆ ಮಾತ್ರ ಇದು ಹೊಟ್ಟೆಯುರಿಯ ವಿಷಯ. ಚೀಲದಲ್ಲಿರುವ 100 ಬಿಲ್ಲೆಗಳಲ್ಲಿ ಕ್ಯೂ ಒಂದೇ ಒಂದು, ಯು ನಾಲ್ಕು. ಕ್ಯೂಗೆ 10 ಅಂಕ, ಅಂದರೆ ಆಟದಲ್ಲಿಯೇ ಅತಿ ಹೆಚ್ಚು. ಆ ಗೌರವ ಇನ್ನೊಂದಕ್ಕೆ ಮಾತ್ರ ಉಂಟು, ಜೆಡ್‌ಗೆ. ಚೀಲಕ್ಕೆ ಕೈ ಹಾಕಿದಾಗ ಕ್ಯೂ ಬಂದರೆ ಮೊದಲು ಖುಷಿ, ಆಮೇಲೆ ಕಳವಳ. ನಾಲ್ಕು ಯುಗಳೂ ಆಗಲೇ ಹಲಗೆಯ ಮೇಲೆ ಎಲ್ಲೋ ಮೂಲೆಯಲ್ಲಿ ಸಿಕ್ಕಿಕೊಂಡಿದ್ದರೆ ಕ್ಯೂ ಕೈಯಲ್ಲೇ ಉಳಿಯುತ್ತದೆ. ಆಟ ಮುಗಿದಾಗ ನಮ್ಮ ಲೆಕ್ಕದಿಂದ 10 ಕಳೆಯುತ್ತಾರೆ. ಅಷ್ಟಕ್ಕೇ ಬಿಡುವುದಿಲ್ಲ, ಬಿಲ್ಲೆಗಳನ್ನೆಲ್ಲ ಖಾಲಿ ಮಾಡಿದ ಎದುರಾಳಿಗೆ ಅದೇ 10 ಸೇರಿಸುತ್ತಾರೆ.

ಇಂಥ ಗಂಡಾಂತರಕ್ಕೆಂದೇ ಆಟಗಾರರು ಒಂದು ಪಟ್ಟಿಯನ್ನು ಬಾಯಿಪಾಠ ಮಾಡಿರುತ್ತಾರೆ: ಯು ಇಲ್ಲದ ಕ್ಯೂ ಪದಗಳು. ಅಷ್ಟೇನೂ ಉದ್ದದ್ದಲ್ಲ. ಕಣ್ಣಾಡಿಸಿದರೆ ಅದರಲ್ಲಿ ಅಪ್ಪಟ ಇಂಗ್ಲಿಷ್ ಪದ ಸಿಗುವುದೇ ಅಪರೂಪ. ಚೀಣೀಯರು ಪ್ರಾಣಶಕ್ತಿಗೆ ಹೇಳುವ ಚೀ, ಯೆಮನ್ನಿನ ಜನ ಮಧ್ಯಾಹ್ನವಿಡೀ ಜಗಿಯುವ ಖಾತ್ ಎಲೆ, ಹೀಬ್ರೂ ಅಕ್ಷರವೊಂದರ ಹೆಸರು, ಇರಾನಿನ ನೆಲದಡಿಯ ನೀರುಗಾಲುವೆ ಕನಾತ್. ಇವುಗಳ ಜೊತೆಗೆ ನಮ್ಮ ಪೈಕಿಯವರೂ ಸಾಲಾಗಿ ಬಂದು ನಿಲ್ಲುತ್ತಾರೆ: ಫಕೀರ, ಖಾಜಿ, ತಲಾಖ್, ನಿಖಾಬ್, ಕವ್ವಾಲಿ. ಕಲಬುರಗಿ, ವಿಜಯಪುರದ ಕಡೆಯವರಿಗೆ ಈ ಪಟ್ಟಿ ಕಲಿಯಲು ಅರ್ಧ ಗಂಟೆ ಸಾಕು. ಬೀದರಿನವರಾದರೆ ಕನಾತ್ ಎಂದರೇನೆಂದು ಕಣ್ಣಾರೆ ನೋಡಿಯೇ ತಿಳಿಯಬಹುದು. ಬಹಮನಿ ಸುಲ್ತಾನರ ಕಾಲದಲ್ಲಿ ನೌಬಾದಿನಲ್ಲಿ ತೋಡಿದ ಕರೇಜ್ ಅದೇ ಜಾತಿಯ ಕಾಲುವೆ. ಇಂಗ್ಲಿಷ್ ಭಾಷೆಗೆ ಕ್ಯೂ ಕುತ್ತಿಗೆಗೆ ಬಂದಾಗ ಪಾರು ಮಾಡುವವರು ಅರಬರು, ಪಾರಸಿಗಳು, ಚೀಣೀಯರು. ಇಂಗ್ಲಿಷಿನವರು ಇದನ್ನು ಒಪ್ಪಿಕೊಳ್ಳುತ್ತಾರೋ ಇಲ್ಲವೋ, ಹಲಗೆಯ ಮೇಲೆ ಮಾತ್ರ ದಿನವೂ ಒಪ್ಪಿಕೊಳ್ಳಲೇಬೇಕು.

ಈ ಆಟವನ್ನು ಕಟ್ಟಿದ್ದು ಕೆಲಸ ಕಳೆದುಕೊಂಡ ಒಬ್ಬ ಆರ್ಕಿಟೆಕ್ಟ್, ನ್ಯೂಯಾರ್ಕಿನ ಆಲ್ಫ್ರೆಡ್ ಬಟ್ಸ್. 1930ರ ದಶಕದ ಆರ್ಥಿಕ ಕುಸಿತದಲ್ಲಿ ಮನೆ ಕಟ್ಟಿಸುವವರು ಯಾರೂ ಇರಲಿಲ್ಲ. ಬಟ್ಸ್ ನ್ಯೂಯಾರ್ಕ್ ಟೈಮ್ಸಿನಂಥ ಪತ್ರಿಕೆಗಳನ್ನು ಮುಂದಿಟ್ಟುಕೊಂಡು ಯಾವ ಅಕ್ಷರ ಎಷ್ಟು ಸಲ ಬರುತ್ತದೆಂದು ಕೈಯಲ್ಲೇ ಎಣಿಸಿದ. ಇ ಬಿಲ್ಲೆ 12, ಎ ಮತ್ತು ಐ ಒಂಬತ್ತೊಂಬತ್ತು ಎನ್ನುವ ಲೆಕ್ಕ ಹೀಗೆ ಹುಟ್ಟಿತು. ಎಸ್ ಅಕ್ಷರದ ವಿಷಯದಲ್ಲಿ ಮಾತ್ರ ಬೇಕೆಂದೇ ಜಿಪುಣತನ ಮಾಡಿದ. ಬರೀ ನಾಲ್ಕು ಕೊಟ್ಟ. ಸಿಕ್ಕ ಪದಕ್ಕೆಲ್ಲ ಬಾಲಕ್ಕೊಂದು ಎಸ್ ಅಂಟಿಸಿ ಬಹುವಚನ ಮಾಡಿ ಅಂಕ ಬಾಚಿಕೊಳ್ಳಬಾರದು ಎಂದು. ಎಷ್ಟೋ ವರ್ಷ ಯಾವ ಕಂಪನಿಯೂ ಆಟವನ್ನು ಕೊಳ್ಳಲಿಲ್ಲ. 1948ರಲ್ಲಿ ಜೇಮ್ಸ್ ಬ್ರುನೊ ಎಂಬಾತ ಅದಕ್ಕೆ ಸ್ಕ್ರ್ಯಾಬಲ್ ಎಂದು ಹೆಸರಿಟ್ಟು ತಯಾರಿಕೆಗೆ ಇಳಿದ. ಮರುವರ್ಷ 2,400 ಪೆಟ್ಟಿಗೆ ಮಾಡಿ 450 ಡಾಲರ್ ಕೈಯಿಂದ ಕಳೆದುಕೊಂಡ. ಅದು ಮನೆಮಾತಾದದ್ದು 1950ರ ದಶಕದಲ್ಲಿ.

ನನಗೆ ಇದೆಲ್ಲ ಗೊತ್ತಾದದ್ದು ನಮ್ಮ ಭಾವನಿಂದ. ಅಕ್ಕನ ಯಜಮಾನರು, ಬ್ಯಾಂಕಿನಿಂದ ನಿವೃತ್ತರಾಗಿ ಮೈಸೂರಿನ ಸರಸ್ವತೀಪುರಂನಲ್ಲಿ ಇದ್ದಾರೆ. ಹಾಸನದ ಕಡೆಯ ಹಳ್ಳಿಯವರು, ಎಸ್ಸೆಸ್ಸೆಲ್ಸಿವರೆಗೂ ಕನ್ನಡ ಮೀಡಿಯಂ. ಪಿಯುಸಿಯ ಮೊದಲ ವರ್ಷ ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತದ್ದನ್ನು ಈಗಲೂ ಹೇಳುತ್ತಾರೆ. ಬ್ಯಾಂಕಿನ ಕಾಗದಪತ್ರದ ಇಂಗ್ಲಿಷ್ ಅವರಿಗೆ ನೀರು ಕುಡಿದಂತೆ. ಹೆಡ್ಡಾಫೀಸಿಗೆ ಬರೆಯುವ ಪತ್ರದಲ್ಲಿ ಒಂದು ಕಾಮಾ ಆಚೀಚೆ ಆಗುತ್ತಿರಲಿಲ್ಲ. ಬಾಯಿ ತೆರೆಯಬೇಕೆಂದರೆ ಮಾತ್ರ ಗಂಟಲು ಒಣಗುತ್ತಿತ್ತು. ಬಡ್ತಿಯ ಇಂಟರ್‌ವ್ಯೂ ಹತ್ತಿರ ಬಂತೆಂದರೆ ಮನೆಯಲ್ಲಿ ಹೊಟ್ಟೆನೋವು, ತಲೆನೋವು. ವಿ ಮತ್ತು ಡಬ್ಲ್ಯೂ ಅವರ ಬಾಯಲ್ಲಿ ಒಂದೇ. ನಮ್ಮಲ್ಲಿ ಬಹಳ ಜನರ ಬಾಯಲ್ಲೂ ಒಂದೇ ಅನ್ನಿ. ವೈನೂ ವೈನೇ, ವಾನೂ ವಾನೇ. ಬೋರ್ಡರೂಮಿನಲ್ಲಿ ಕೂತ ಯಾರೋ ಅದನ್ನು ಕೇಳಿ ಮುಗುಳ್ನಕ್ಕದ್ದು ಅವರ ಮನಸ್ಸಿನಿಂದ ಹೋಗಿಲ್ಲ.

ಸ್ಕ್ರ್ಯಾಬಲ್ ಪೆಟ್ಟಿಗೆಯೊಳಗೆ ನೋಡಿದರೆ ವಿಗೂ ನಾಲ್ಕು ಅಂಕ, ಡಬ್ಲ್ಯೂಗೂ ನಾಲ್ಕೇ ಅಂಕ! ಬಟ್ಸ್ ಸಾಹೇಬರು ಹಾಸನ ಜಿಲ್ಲೆಯವರ ಪರವಾಗಿ ತೀರ್ಪು ಕೊಟ್ಟುಬಿಟ್ಟಿದ್ದಾರೆ ಅಂತ ಭಾವನಿಗೆ ಅದೊಂದು ದೊಡ್ಡ ಸಮಾಧಾನ.

ನನ್ನ ಪ್ರಕಾರ ಗುಟ್ಟು ಇರುವುದೇ ಇಲ್ಲಿ. ಅಕ್ಷರದಾಟದ ಇಂಗ್ಲಿಷಿಗೆ ಉಚ್ಚಾರವಿಲ್ಲ, ವ್ಯಾಕರಣವಿಲ್ಲ, ವಾಕ್ಯವೇ ಇಲ್ಲ. ಎ, ದಿ ಯಾವುದು ಎಲ್ಲಿ ಬರಬೇಕೆಂಬ ಜೀವಮಾನದ ಗೋಳು ಇಲ್ಲ. ಕಾನ್ವೆಂಟಿನಲ್ಲಿ ಓದಿದ್ದೀರಾ, ಅಪ್ಪ ಏನು ಮಾಡುತ್ತಿದ್ದರು ಎಂದು ಬಿಲ್ಲೆ ಕೇಳುವುದಿಲ್ಲ. ಕೇಳುವುದು ಒಂದೇ: ಪಟ್ಟಿಯಲ್ಲಿ ಇದೆಯೋ, ಇಲ್ಲವೋ? ಪಟ್ಟಿಯನ್ನು ಉರುಹೊಡೆಯುವುದರಲ್ಲಿ ನಮ್ಮ ಸರ್ಕಾರಿ ಶಾಲೆಯವರನ್ನು ಮೀರಿಸುವವರು ಯಾರು? ಮಗ್ಗಿ, ತಿಥಿ ನಕ್ಷತ್ರ, ಅರವತ್ತು ಸಂವತ್ಸರ ಎಲ್ಲ ಒಪ್ಪಿಸಿ ಬಂದವರು.

ಭಾವನ ಪಟ್ಟಿ ಇರುವುದು ಬ್ಯಾಂಕಿನವರು ಯಾವ ಕಾಲದಲ್ಲೋ ಕೊಟ್ಟ ಡೈರಿಯಲ್ಲಿ. ಜನವರಿ ಪುಟಗಳಲ್ಲಿ ಎರಡಕ್ಷರದ ಪದಗಳು. ಕಾಲಿನ್ಸ್ ನಿಘಂಟಿನವರ ಪಟ್ಟಿಯ ಪ್ರಕಾರ ಅವು 127. ಅವಿಲ್ಲದೆ ಆಟವೇ ಇಲ್ಲ, ಏಕೆಂದರೆ ಒಂದು ಪದದ ಪಕ್ಕಕ್ಕೇ ಇನ್ನೊಂದನ್ನು ಒತ್ತಿಟ್ಟಾಗ ಮೇಲೂ ಕೆಳಗೂ ಹುಟ್ಟುವ ಚಿಲ್ಲರೆ ಜೋಡಿಗಳೆಲ್ಲ ಪದಗಳೇ ಆಗಿರಬೇಕು. ವಿ ಇರುವ ಎರಡಕ್ಷರದ ಪದ ಒಂದೂ ಇಲ್ಲ ಎನ್ನುವುದಕ್ಕೆ ಕೆಂಪು ಶಾಯಿಯಲ್ಲಿ ಅಡಿಗೆರೆ. ಮಾರ್ಚಿನಲ್ಲಿ ಕ್ಯೂ. ಮೇ ತಿಂಗಳಲ್ಲಿ ಸ್ವರಗಳೇ ಇಲ್ಲದ ಪದಗಳು. ಕೈಯಲ್ಲಿ ಬರೀ ವ್ಯಂಜನ ಬಂದು ಕೂತಾಗ ಇವು ಆಪದ್ಬಾಂಧವರು. ವೇಲ್ಸಿನವರ ಕಣಿವೆಗೊಂದು, ಅವರ ಹಳೆಯ ತಂತಿವಾದ್ಯಕ್ಕೊಂದು ಪದ ಇದೆ. ಉಳಿದವು ಬಹುಪಾಲು ಬಾಯಿಂದ ಹೊರಡುವ ಸದ್ದುಗಳು. ಚಳಿಗೆ ಬ್ರ್ರ್, ಗುಟ್ಟಿಗೆ ಪ್ಸ್ಟ್, ತಿರಸ್ಕಾರಕ್ಕೆ ಫ್ಟ್. ಪಕ್ಕದ ಮನೆಯ ಸುದ್ದಿ ಕೇಳಿ ನಮ್ಮ ಹೆಂಗಸರು ನಾಲಿಗೆಯಲ್ಲಿ ಮಾಡುವ ಚ್ಚ್ ಚ್ಚ್ ಕೂಡ ಟಿ ಎಸ್ ಕೆ ಎಂಬ ರೂಪದಲ್ಲಿ ಸಿಂಧುವೇ. ಎರಡು ಸಲ ಸೇರಿಸಿ ಹೇಳಿದರೂ ನಡೆಯುತ್ತದೆ.

ಈಚೆಗೆ ಅವರ ಮೊಮ್ಮಗಳು ನ್ಯೂಜೆರ್ಸಿಯಿಂದ ಬೇಸಿಗೆ ರಜೆಗೆ ಬಂದಿದ್ದಳು. ಹದಿಮೂರು ವರ್ಷದ ಹುಡುಗಿ. ಕನ್ನಡ ಚೆನ್ನಾಗಿ ತಿಳಿಯುತ್ತದೆ, ಮಾತು ಅರ್ಧ ಅದು ಅರ್ಧ ಇದು. ತಾತನ ಇಂಗ್ಲಿಷಿಗೆ ಅವಳು ನಕ್ಕದ್ದನ್ನು ನಾನು ನೋಡಿಲ್ಲ, ಆದರೂ ಅವಳ ಎದುರು ಭಾವ ಫೋನಿನಲ್ಲಿ ಇಂಗ್ಲಿಷ್ ಮಾತಾಡಬೇಕಾದರೆ ವರಾಂಡಕ್ಕೆ ಹೋಗುತ್ತಿದ್ದರು. ಆಟಕ್ಕೆ ಕೂತರೆ ಬೇರೆಯೇ ಮನುಷ್ಯ. ಒಂದು ಸಂಜೆ ಹಲಗೆಯ ಮೇಲೆ ಟ್ಯಾಕ್ಸಿ ಮೇಲಿಂದ ಕೆಳಗೆ ಇಳಿದು ನಿಂತಿತ್ತು. ಅದರ ಕೊನೆಯ ಐ ಅಕ್ಷರದ ಎಡಕ್ಕೆ ಅಕ್ಷರಕ್ಕೆ ಮೂರು ಪಟ್ಟು ಕೊಡುವ ನೀಲಿ ಮನೆ ಖಾಲಿ. ಭಾವ ಕನ್ನಡಕ ಸರಿಮಾಡಿಕೊಂಡು ಅಲ್ಲಿ ಕ್ಯೂ ಇಟ್ಟರು, ಕ್ಯೂ ಕೆಳಗೆ ತಮ್ಮ ಕೈಯ ಐ ಒಂದನ್ನು ಇಟ್ಟರು. ಅಡ್ಡಕ್ಕೂ ಕ್ಯೂ ಐ, ಉದ್ದಕ್ಕೂ ಕ್ಯೂ ಐ. ಮೂವತ್ತೊಂದು, ಇನ್ನೊಂದು ಮೂವತ್ತೊಂದು.

"ತಾತ, ಅದು ವರ್ಡೇ ಅಲ್ಲ" ಅಂದಳು ಮೊಮ್ಮಗಳು.

"ಕ್ವಿ. ಇದೆ, ನೋಡ್ಕೋ."

ಅವಳು ಫೋನಿನಲ್ಲಿ ನೋಡಿದಳು. "ಇದೆ. ಬಟ್ ಅದು ಕ್ವಿ ಅಲ್ಲ ತಾತ, ಚೀ ಅನ್ಬೇಕು."

"ನೀನು ಚೀ ಅನ್ನು ಪುಟ್ಟಿ, ನಾನು ಕ್ವಿ ಅಂತೀನಿ. ಅರವತ್ತೆರಡು ಬರ್ಕೋ."

ಆ ಎರಡೇ ಬಿಲ್ಲೆಯ ಪದ ಅಮೆರಿಕದ ಪಟ್ಟಿಗೆ ಸೇರಿದ್ದು 2006ರಲ್ಲಿ. ಪಿಜ್ಜಾದ ಬಾಲವನ್ನಷ್ಟೇ ಉಳಿಸಿಕೊಂಡ ಝಾ ಕೂಡ ಆಗಲೇ ಒಳಗೆ ಬಂತು. ಅವೆರಡೂ ಬಂದ ಮೇಲೆ ಕ್ಯೂ, ಜೆಡ್ ಬಿಲ್ಲೆಗಳ ಭಯ ಅರ್ಧ ಹೋಯಿತು. ಹಳಬರು ಕೆಲವರು ಇದರಿಂದ ಆಟದ ಉಪ್ಪು ಖಾರ ಹೋಯಿತು ಎನ್ನುವುದುಂಟು. ನಾನೂ ಅವರ ಕಡೆಯೇ. ಕೈಯಲ್ಲಿ ಕ್ಯೂ ಹಿಡಿದವನ ಮುಖದ ಚಡಪಡಿಕೆ ನೋಡುವುದೂ ಆಟದ ಒಂದು ಭಾಗವಲ್ಲವೇ?

ನನಗೂ ಭಾವನಿಗೂ ಒಂದು ವಿಷಯದಲ್ಲಿ ಕೂಡಿಬರುವುದಿಲ್ಲ. ನನಗೆ ಪದ ಕಂಡರೆ ಅರ್ಥ ಬೇಕು. ಡೈರಿಯ ಜನವರಿ ಪುಟ ಹಿಡಿದು ನಿಘಂಟು ತೆರೆದು ಕೂತರೆ ನನಗೆ ಮಧ್ಯಾಹ್ನ ಕಳೆಯುವುದೇ ತಿಳಿಯುವುದಿಲ್ಲ. ಎರಡು ಎ ಸೇರಿದರೆ ಹವಾಯಿ ದ್ವೀಪದ ಒರಟು ಲಾವಾ ಕಲ್ಲು. ಎ ಐ ಎಂದರೆ ಎಲ್ಲರೂ ಈಗ ಕಂಪ್ಯೂಟರ್ ಅಂದುಕೊಳ್ಳುತ್ತಾರೆ, ಆದರೆ ಆಟಗಾರರ ಪಾಲಿಗೆ ಅದು ದಕ್ಷಿಣ ಅಮೆರಿಕದ ಮರಕ್ಕೆ ತಲೆಕೆಳಗಾಗಿ ಜೋತುಬಿದ್ದಿರುವ ಮೂರು ಬೆರಳಿನ ಸೋಮಾರಿ ಪ್ರಾಣಿ. ಒ ಇ ಎನ್ನುವುದು ಫೆರೋ ದ್ವೀಪಗಳ ಹತ್ತಿರ ಏಳುವ ಸುಂಟರಗಾಳಿ. ಸ್ಕಾಟ್ಲೆಂಡಿನ ಪ್ರಿಯತಮೆಗೆ ಜೆ ಒ. ಯಾಕ್‌ಗೂ ಹಸುವಿಗೂ ಹುಟ್ಟಿದ ಟಿಬೆಟ್ಟಿನ ಮಿಶ್ರತಳಿಗೆ ಎಷ್ಟು ಕಾಗುಣಿತವೆಂದರೆ, ಜೆಡ್ ಒ, ಜೆಡ್ ಎಚ್ ಒ, ಡಿ ಜೆಡ್ ಒ, ಡಿ ಎಸ್ ಒ, ಎಲ್ಲವೂ ಸರಿಯೇ. ಒಂದು ಸಾಧು ಪ್ರಾಣಿ, ಆಟಗಾರರಿಗಾಗಿಯೇ ಹುಟ್ಟಿದ ಹಾಗಿದೆ.

ನಮ್ಮ ರಾಗಿಯದ್ದೂ ಅದೇ ಕಥೆ. ಆರ್ ಎ ಜಿ ಐ ಎಂದು ನೇರವಾಗಿ ಬರೆದರೂ ಆದೀತು, ಕೊನೆಗೆ ಎರಡು ಇ ಹಾಕಿದರೂ ಆದೀತು, ನಡುವೆ ಎರಡು ಜಿ ತುರುಕಿದರೂ ಆದೀತು. ಬ್ರಿಟಿಷ್ ಅಧಿಕಾರಿಗಳು ಒಬ್ಬೊಬ್ಬರೂ ತಮ್ಮ ಕಿವಿಗೆ ಬಿದ್ದ ಹಾಗೆ ಬರೆದಿಟ್ಟದ್ದನ್ನು ನಿಘಂಟಿನವರು ಒಂದನ್ನೂ ಬಿಡದೆ ಕಾಪಾಡಿಕೊಂಡು ಬಂದಿದ್ದಾರೆ. ನಮ್ಮವರು ಒಂದು ಕಾಗುಣಿತ ತಪ್ಪಿದರೆ ಕಿವಿ ಹಿಂಡುತ್ತಿದ್ದ ಮೇಷ್ಟ್ರುಗಳಿಗೆ ಈ ಸಂಗತಿ ಯಾರಾದರೂ ಮುಟ್ಟಿಸಬೇಕಿತ್ತು. ಅಂಕದ ಲೆಕ್ಕದಲ್ಲೂ ಒಂದು ತಮಾಷೆ ಇದೆ. ರಾಗಿಗೆ ಐದು, ಇಡ್ಲಿಗೆ ಐದು, ದೋಸೆಗೂ ಐದೇ. ತುಪ್ಪಕ್ಕೆ, ಅಂದರೆ ಅವರ ಘೀಗೆ, ಎಂಟು. ಅಂಗಡಿಯಲ್ಲೂ ಹೆಚ್ಚುಕಮ್ಮಿ ಅದೇ ಅಂದಾಜು ತಾನೇ?

ಇಂಥದ್ದನ್ನೆಲ್ಲ ನಾನು ಓದಿ ಹೇಳಹೊರಟರೆ ಭಾವ ಕೈ ಅಡ್ಡ ಹಿಡಿಯುತ್ತಾರೆ. ಅರ್ಥ ತಲೆಯಲ್ಲಿ ತುಂಬಿಕೊಂಡರೆ ಅಕ್ಷರಕ್ಕೆ ಜಾಗ ಸಾಲದು ಎನ್ನುವುದು ಅವರ ವಾದ. ಹುಂಬ ವಾದ ಅಂತ ನಾನು ತಳ್ಳಿಹಾಕುತ್ತಿದ್ದೆನೋ ಏನೋ, ಆದರೆ ಅವರ ಬೆನ್ನಿಗೆ ನೈಜಲ್ ರಿಚರ್ಡ್ಸ್ ಇದ್ದಾರೆ. ನ್ಯೂಜಿಲೆಂಡಿನ ಈ ಗಡ್ಡದ ಮನುಷ್ಯ ಇಂಗ್ಲಿಷ್ ಸ್ಕ್ರ್ಯಾಬಲ್ಲಿನಲ್ಲಿ ಐದು ಸಲ ವಿಶ್ವ ಚಾಂಪಿಯನ್. ಅದು ಹೋಗಲಿ. 2015ರಲ್ಲಿ ಫ್ರೆಂಚ್ ಭಾಷೆಯ ವಿಶ್ವ ಪಂದ್ಯಕ್ಕೆ ಹೋಗಿ ಫ್ರೆಂಚ್ ಮಾತಾಡುವವರನ್ನೇ ಸೋಲಿಸಿ ಬಂದರು. ಆತನಿಗೆ ಫ್ರೆಂಚ್ ಬರುವುದಿಲ್ಲ. ಸುಮಾರು ಒಂಬತ್ತು ವಾರ ಫ್ರೆಂಚ್ ಪದಪಟ್ಟಿಯನ್ನು ಓದಿಕೊಂಡರು, ಅಷ್ಟೇ. 2024ರಲ್ಲಿ ಸ್ಪೇನಿನ ಗ್ರನಾಡಾದಲ್ಲಿ ಸ್ಪ್ಯಾನಿಷ್ ಪಟ್ಟವನ್ನೂ ಹೀಗೆಯೇ ಗೆದ್ದರು. ಸ್ಪ್ಯಾನಿಷ್ ಕೂಡ ಬಾರದು.

ಯುರೋಪಿನ ಪತ್ರಿಕೆಗಳು ಇದನ್ನು ಪವಾಡವೆಂದು ಬರೆದವು. ನಮಗೆ ಅಷ್ಟೇನೂ ಆಶ್ಚರ್ಯವಾಗಬೇಕಿಲ್ಲ. ಪಾಠಶಾಲೆಯ ಹುಡುಗರು ಹಲ್ಲು ಬೀಳುವ ವಯಸ್ಸಿಗೇ ಅಮರಕೋಶವನ್ನು ಕಂಠಪಾಠ ಮಾಡುತ್ತಿದ್ದರು. ಅರ್ಥ ಆಮೇಲೆ ಬರುತ್ತಿತ್ತು, ಬಾರದೆಯೂ ಇರುತ್ತಿತ್ತು. ಒಂದೇ ವ್ಯತ್ಯಾಸ, ರಿಚರ್ಡ್ಸ್‌ಗೆ ಅರ್ಥ ಬರಬೇಕೆಂದೇ ಇಲ್ಲ. ಆತನ ತಲೆಯಲ್ಲಿ ಎರಡು ಭಾಷೆಗಳು ಮಾತಿಲ್ಲದೆ ಕೂತಿವೆ. ಅದನ್ನು ನೆನೆದರೆ ನನಗೆ ಮೆಚ್ಚುಗೆಯ ಜೊತೆಗೆ ಸ್ವಲ್ಪ ಕಸಿವಿಸಿಯೂ ಆಗುತ್ತದೆ. ಭಾವನಿಗೆ ಬರೀ ಮೆಚ್ಚುಗೆ.

ಮೊಮ್ಮಗಳ ಆಟ ಬೇರೆ. ಬೆಳಿಗ್ಗೆ ಎದ್ದೊಡನೆ ಫೋನಿನಲ್ಲಿ ನ್ಯೂಯಾರ್ಕ್ ಟೈಮ್ಸಿನ ಸ್ಪೆಲಿಂಗ್ ಬೀ. ಜೇನುಗೂಡಿನ ಹಾಗೆ ಏಳು ಷಟ್ಕೋನ, ಏಳು ಅಕ್ಷರ. ನಡುವಿನ ಅಕ್ಷರ ಪ್ರತಿ ಪದದಲ್ಲೂ ಇರಲೇಬೇಕು. ಉಳಿದ ಆರರಲ್ಲಿ ಯಾವುದನ್ನು ಬೇಕಾದರೂ, ಎಷ್ಟು ಸಲ ಬೇಕಾದರೂ ಬಳಸಬಹುದು. ನಾಲ್ಕಕ್ಷರಕ್ಕಿಂತ ಕಡಿಮೆಯಾದರೆ ಇಲ್ಲ. ಏಳನ್ನೂ ಬಳಸಿದ ಪದ ಸಿಕ್ಕರೆ ಏಳು ಅಂಕ ಮೇಲುಸಂಭಾವನೆ. ಅಂಕ ಏರಿದ ಹಾಗೆ ಫೋನು ಗುಡ್ ಎನ್ನುತ್ತದೆ, ಸಾಲಿಡ್ ಎನ್ನುತ್ತದೆ, ಅಮೇಜಿಂಗ್ ಎನ್ನುತ್ತದೆ, ನೂರಕ್ಕೆ ಎಪ್ಪತ್ತು ಮುಟ್ಟಿದರೆ ಜೀನಿಯಸ್ ಎನ್ನುತ್ತದೆ. ಹಲ್ಲುಜ್ಜುವ ಮೊದಲೇ ಜೀನಿಯಸ್ ಆದ ಮಗುವನ್ನು ಆಮೇಲೆ ಸ್ನಾನಕ್ಕೆ ಕಳಿಸುವುದು ಅಕ್ಕನಿಗೆ ಕಷ್ಟವಾಗುತ್ತಿತ್ತು.

ಈ ಆಟದಲ್ಲಿ ಎಸ್ ಅಕ್ಷರವನ್ನು ಬಳಸುವುದೇ ಇಲ್ಲ. ಬಟ್ಸ್ ನಾಲ್ಕಾದರೂ ಕೊಟ್ಟಿದ್ದ, ಇವರು ಅದನ್ನೂ ಕಿತ್ತುಕೊಂಡರು. ಕಾರಣ ಅದೇ, ಬಹುವಚನದ ಹಾವಳಿ. ಆದರೆ ನಮ್ಮ ಕಡೆಯಿಂದ ಯೋಚಿಸಿ: ದೋಸೆ ಹೋಯಿತು, ಸಾಂಬಾರು ಹೋಯಿತು, ರಸಂ ಹೋಯಿತು, ಸಮೋಸಾ ಹೋಯಿತು, ಮಸಾಲೆಯಂತೂ ಹೋಗಿಯೇ ಹೋಯಿತು. ಇಡ್ಲಿಗೆ ಅಕ್ಷರದ ಮಟ್ಟಿಗೆ ಅಡ್ಡಿಯಿಲ್ಲ, ಆದರೆ ಅದನ್ನು ಒಪ್ಪುವುದು ಬಿಡುವುದು ಸಂಪಾದಕ ಸ್ಯಾಮ್ ಎಜರ್ಸ್ಕಿಯ ಮರ್ಜಿ. ಅಪರೂಪದ ಪದಗಳು ನಡೆಯವು ಎಂಬ ನಿಯಮವಿದೆ. ಯಾರಿಗೆ ಅಪರೂಪ? ಅದನ್ನು ತೀರ್ಮಾನಿಸುವುದು ಮ್ಯಾನ್‌ಹಟನ್ನಿನ ಒಂದು ಕಚೇರಿ. ವರ್ಡಲ್ ಎಂಬ ಐದಕ್ಷರದ ಆಟದಲ್ಲೂ ಹೀಗೆಯೇ ಆಯಿತು. ಜಾಶ್ ವಾರ್ಡಲ್ ತನ್ನ ಸಂಗಾತಿ ಪಾಲಕ್ ಶಾಗಾಗಿ ಅದನ್ನು ಮಾಡಿದಾಗ ಇಂಗ್ಲಿಷಿನ ಸುಮಾರು 12,000 ಐದಕ್ಷರದ ಪದಗಳನ್ನು ಆಕೆಯ ಮುಂದಿಟ್ಟ. ಆಕೆಗೆ ಗೊತ್ತಿದ್ದವು ಸುಮಾರು 2,500 ಉಳಿದವು. 2021ರ ಕೊನೆಯಲ್ಲಿ ಲೋಕವೆಲ್ಲ ತಲೆಕೆಡಿಸಿಕೊಂಡದ್ದು ಒಬ್ಬ ಹೆಣ್ಣುಮಗಳಿಗೆ ಗೊತ್ತಿದ್ದ ಪದಗಳ ಬೆನ್ನುಹತ್ತಿ. ನನಗೆ ಇದು ಕಚೇರಿಯ ತೀರ್ಮಾನಕ್ಕಿಂತ ಎಷ್ಟೋ ವಾಸಿ ಅನ್ನಿಸುತ್ತದೆ.

ಇಂಥ ಅಕ್ಷರ ಇರಲೇಬೇಕು, ಇಂಥದ್ದು ಇರಕೂಡದು ಎನ್ನುವ ಕಟ್ಟಳೆ ನಮಗೆ ಹೊಸದಲ್ಲ. ಶತಾವಧಾನಿ ಆರ್. ಗಣೇಶರ ಅವಧಾನಕ್ಕೆ ಒಮ್ಮೆ ಹೋಗಿ ಕೂತವರಿಗೆ ಗೊತ್ತು. ನ್ಯಸ್ತಾಕ್ಷರಿಯಲ್ಲಿ ಪೃಚ್ಛಕರು ಮೊದಲ ಪಾದದ ಇಷ್ಟನೆಯದು ಈ ಅಕ್ಷರ, ಮೂರನೆಯ ಪಾದದ ಇಷ್ಟನೆಯದು ಆ ಅಕ್ಷರ ಎಂದು ಗೂಟ ಹೊಡೆದು ಕೊಡುತ್ತಾರೆ. ಪದ್ಯ ಆ ಗೂಟಗಳ ನಡುವೆ ಛಂದಸ್ಸು ಕೆಡದೆ ಹಾಯಬೇಕು. ನಿಷೇಧಾಕ್ಷರಿ ಇನ್ನೂ ಮಜಾ. ಅವಧಾನಿ ಒಂದಕ್ಷರ ಹೇಳಿದೊಡನೆ ಪೃಚ್ಛಕರು ಮುಂದೆ ಯಾವುದು ಬರಬಹುದೆಂದು ಊಹಿಸಿ ಅದನ್ನೇ ಬೇಡವೆನ್ನುತ್ತಾರೆ. ಅವಧಾನಿ ಬೇರೆ ದಾರಿ ಹಿಡಿಯಬೇಕು, ಅದಕ್ಕೂ ತಡೆ ಬಂದರೆ ಇನ್ನೊಂದು. ಅದೂ ಕಾಗದ, ಪೆನ್ನು ಇಲ್ಲದೆ. ಇಷ್ಟೆಲ್ಲದರ ಕೊನೆಗೆ ಪದ್ಯಕ್ಕೆ ಅರ್ಥ ಇರಬೇಕು, ಸಾಧ್ಯವಾದರೆ ಸೊಗಸೂ ಇರಬೇಕು. ನೈಜಲ್ ರಿಚರ್ಡ್ಸರನ್ನು ತಂದು ಈ ವೇದಿಕೆಯಲ್ಲಿ ಕೂರಿಸಿದರೆ ಏನಾದೀತು ಎಂದು ನಾನು ಭಾವನನ್ನು ಕೇಳಿದ್ದೆ. "ಅಪ್ರಸ್ತುತ ಪ್ರಸಂಗಿ ಕೆಲಸ ಕೊಡಬಹುದು" ಅಂದರು.

ನಡುನಡುವೆ ಸಂಬಂಧವಿಲ್ಲದ ಮಾತೆತ್ತಿ ಅವಧಾನಿಯ ಗಮನ ಕೆಡಿಸುವ ಆ ಕೆಲಸ ಅವರ ಮನೆಯಲ್ಲಿ ಈಗಾಗಲೇ ಅಕ್ಕ ಮಾಡುತ್ತಿದ್ದಾಳೆ. ಭಾವ ಏಳು ಬಿಲ್ಲೆ ಮುಂದಿಟ್ಟುಕೊಂಡು ತುಟಿ ಅಲ್ಲಾಡಿಸುತ್ತ ಕೂತ ಹೊತ್ತಿಗೇ ಸರಿಯಾಗಿ ಗ್ಯಾಸು ಬುಕ್ ಮಾಡಿದಿರಾ ಎಂದೋ, ನುಗ್ಗೇಕಾಯಿ ಹುಳಿ ಮಾಡಲೋ ಗೊಜ್ಜು ಮಾಡಲೋ ಎಂದೋ ಬರುತ್ತಾಳೆ. ಒಂದು ಸಲವಂತೂ ಅವರ ಕೈಗೆ ಕವ್ವಾಲಿಗೆ ಬೇಕಾದ ಏಳರಲ್ಲಿ ಆರು ಬಂದು ಕೂತಿದ್ದವು, ಇರುವ ಎರಡು ಡಬ್ಲ್ಯೂಗಳೂ ಸೇರಿ. ಐ ಒಂದು ಬಂದಿದ್ದರೆ ಒಂದೇ ಏಟಿಗೆ ಏಳೂ ಖಾಲಿ, ಮೇಲೆ ಐವತ್ತು ಅಂಕದ ಬಹುಮಾನ. ಚೀಲಕ್ಕೆ ಕೈ ಹಾಕಿದರು. ಅಕ್ಕ ಆಗಲೇ ಹಾಲಿನವನ ಲೆಕ್ಕ ಕೇಳಿದಳು. ಕೈಗೆ ಬಂದದ್ದು ಇ. ತಪ್ಪು ಹಾಲಿನವನದ್ದೇ ಎಂದು ಅವರು ಇವತ್ತಿಗೂ ನಂಬಿದ್ದಾರೆ.

ರಜೆ ಮುಗಿಯುತ್ತ ಬಂದಾಗ ತಾತ ಮೊಮ್ಮಗಳ ನಡುವೆ ನಿಘಂಟಿನ ಜಗಳ ಹತ್ತಿಕೊಂಡಿತು. ಅಮೆರಿಕದ ಪಟ್ಟಿಯೇ ಬೇರೆ, ಭಾರತವೂ ಸೇರಿದಂತೆ ಹೊರಗಿನ ಬಹುತೇಕ ದೇಶಗಳ ಪಂದ್ಯಗಳಲ್ಲಿ ನಡೆಯುವ ಕಾಲಿನ್ಸ್ ಪಟ್ಟಿಯೇ ಬೇರೆ. ಕಾಲಿನ್ಸಿನಲ್ಲಿ ಸುಮಾರು 2 ಲಕ್ಷ 80 ಸಾವಿರ ಪದ, ಅಮೆರಿಕದ್ದರಲ್ಲಿ ಎರಡು ಲಕ್ಷಕ್ಕೂ ಕಡಿಮೆ. ಅಲ್ಲಿ ಎರಡಕ್ಷರದವು 107, ಇಲ್ಲಿ 127. ಆ ಇಪ್ಪತ್ತರಲ್ಲಿ ಸಿ ಎಚ್ ಒಂದು. ಅಮೆರಿಕದ ಪಟ್ಟಿಯಲ್ಲಿ ಸಿ ಇರುವ ಎರಡಕ್ಷರದ ಪದ ಒಂದೂ ಇಲ್ಲ. ಭಾವ ಸಿ ಎಚ್ ಇಟ್ಟರು, ಹುಡುಗಿ ಚಾಲೆಂಜ್ ಎಂದಳು. ಅವಳ ಫೋನು ಇಲ್ಲ ಅಂದಿತು, ಇವರ ಡೈರಿ ಇದೆ ಅಂದಿತು. ಸರಸ್ವತೀಪುರದಲ್ಲಿ ಆಡುವಾಗ ಸರಸ್ವತೀಪುರದ ಕಾನೂನು ಎಂದು ಇವರು, ಪೆಟ್ಟಿಗೆ ಅಮ್ಮ ಅಮೆರಿಕದಿಂದ ತಂದದ್ದು ಎಂದು ಅವಳು. ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದ ಅಕ್ಕ ಹಲಗೆಯನ್ನು ಒಂದು ಕ್ಷಣ ನೋಡಿ, "ಸಿ ಎಚ್ ಅಂದ್ರೆ ಏನ್ರೀ?" ಅಂದಳು.

ಭಾವ ತಲೆ ಎತ್ತದೆ ಹೇಳಿದರು: "ಏಳು ಪಾಯಿಂಟು."